ಪರದೆಯ ಮೇಲೆ ಜೋಡಿ ಕಟ್ಟುವ ಬಗೆ

ಆಟದ ಅಂಗಳದಲ್ಲಿ ‘ಜೋಡಿ’ ಎಂಬ ಮಾತಿಗೆ ಒಂದಕ್ಕೊಂದು ವಿರುದ್ಧವಾದ ಎರಡು ಅರ್ಥಗಳಿವೆ. ಕೇರಂ ಹಲಗೆಯ ಆಚೆ ಬದಿಯಲ್ಲಿ ಕುಳಿತು ಒಂದೇ ಪಕ್ಷಕ್ಕೆ ಕಾಯಿ ಹೊಡೆಯುವವನು ಜೋಡಿ. ಕುಸ್ತಿಯ ಅಖಾಡದಲ್ಲಿ ಎದುರು ನಿಂತು ಬೆನ್ನನ್ನು ಮಣ್ಣಿಗೆ ತಾಗಿಸಲು ಹೊಂಚುವವನೂ ಜೋಡಿಯೇ. ಮೈಸೂರು ಸೀಮೆಯ ನಾಡಕುಸ್ತಿಯಲ್ಲಿ ‘ಜೋಡಿ ಕಟ್ಟುವುದು’ ಸೆಣಸಾಟಕ್ಕೆ ಮುಂಚೆ ನಡೆಯುವ ಪ್ರತ್ಯೇಕ ಕಾರ್ಯವಾಗಿದ್ದು, ದಸರಾ ಕುಸ್ತಿಗೆ ಮೊದಲು ಮೈಸೂರಿನ ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡಕ್ಕೆ ಪೈಲ್ವಾನರನ್ನು ಕರೆಸಿ, ಅವರ ತೂಕ, ವಯಸ್ಸು, ಗರಡಿ, ಹಿಂದೆ ಗೆದ್ದ ಕುಸ್ತಿ ಎಲ್ಲವನ್ನೂ ನೋಡಿ, ಸಮಬಲದವರನ್ನು ಹಿರಿಯರು ಎದುರುಬದುರು ನಿಲ್ಲಿಸಿ ಒಪ್ಪಿಸುತ್ತಾರೆ. ಪೈಲ್ವಾನನ ಹೆಸರಿನ ಜೊತೆಗೆ ಅವನ ಗರಡಿಯ ಹೆಸರೂ, ಅವನನ್ನು ತಿದ್ದಿದ ಉಸ್ತಾದರ, ಎಂದರೆ ಕುಸ್ತಿ ಗುರುವಿನ, ಹೆಸರೂ ಬರುವುದರಿಂದ ಎದುರಾಳಿ ಯಾರೆಂಬುದಷ್ಟೇ ಅಲ್ಲ, ಅವನ ಪರವಾಗಿ ಜವಾಬ್ದಾರಿ ಹೊರುವವರು ಯಾರೆಂಬುದೂ ಮೊದಲೇ ತಿಳಿದಿರುತ್ತದೆ.

ಈ ಕೆಲಸವನ್ನು ಈಗ ಮೊಬೈಲ್ ಪರದೆಯ ಮೇಲಿನ ಒಂದು ಪುಟ ಮಾಡುತ್ತಿದೆ. ಆನ್‌ಲೈನ್ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರನ ಹೆಸರು, ಚಿತ್ರ, ಅಂಕಿಅಂಶ, ಬಿರುದುಗಳನ್ನು ಒಟ್ಟಿಗೆ ತೋರಿಸುವ ಆ ಪುಟವನ್ನು ಪ್ರೊಫೈಲ್ ಎಂದು ಕರೆಯುತ್ತಾರೆ. ಹುಣಸೂರು ಉಪವಿಭಾಗಕ್ಕೆ ಸೇರಿದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹುಡುಗನೊಬ್ಬ ಇಂದು ರಾತ್ರಿ ಯಾರೊಡನೆ ಆಡಬೇಕು, ಯಾರ ಕೋರಿಕೆಯನ್ನು ತಳ್ಳಿಹಾಕಬೇಕು ಎಂಬುದನ್ನು ಆ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸುತ್ತಾನೆ. ಆ ಪುಟ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಹಿರಿಯರು ಮಾಡುತ್ತಿದ್ದ ಕೆಲಸದಲ್ಲಿ ಎಷ್ಟು ಪಾಲನ್ನು ಅದು ನಿಜವಾಗಿ ಮಾಡಬಲ್ಲದು ಎಂಬುದು ಇಲ್ಲಿನ ವಿಚಾರ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ, 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ಫೋನಿನಲ್ಲೂ ಓಡುವ ಫ್ರೀ ಫೈರ್ ಆಟಗಳು ಕರ್ನಾಟಕದ ಉಳಿದೆಡೆಯಂತೆ ಈ ತಾಲ್ಲೂಕುಗಳಿಗೂ ಹಬ್ಬಿದವು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿಯೂ ಹೋಯಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕೆಂದೇ ಮರಳಿ ಬಂದು, 2022ರ ಜುಲೈಯಲ್ಲಿ ಮತ್ತೆ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮೂರನೆಯ ಬಾರಿ ಕಣ್ಣು ತೆರೆಯಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧಕ್ಕೆ ಒಳಗಾದರೂ ಫ್ರೀ ಫೈರ್ ಮ್ಯಾಕ್ಸ್ ಎಂಬ ಅದರ ಇನ್ನೊಂದು ರೂಪ ಉಳಿದುಕೊಂಡಿತು. 2021ರಲ್ಲಿ ಬಿಜಿಎಂಐ ಹೊರಬಂದಾಗ ಹಳೆಯ ಪಬ್‌ಜಿ ಖಾತೆಯ ವಿವರಗಳನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವನ್ನು ಕಂಪನಿ ಕೊಟ್ಟಿತ್ತು. ಆಟ ಕೈತಪ್ಪಿದರೆ ಇನ್ನೊಂದು ಆಟ ಸಿಗುತ್ತದೆ, ಮೂರು ವರ್ಷ ಕೂಡಿಟ್ಟ ಪ್ರೊಫೈಲ್ ಕೈತಪ್ಪಿದರೆ ಆಟಗಾರ ಮತ್ತೆ ಹೆಸರಿಲ್ಲದವನಾಗುತ್ತಾನೆ ಎಂಬುದನ್ನು ಕಂಪನಿ ಸರಿಯಾಗಿಯೇ ಅರಿತಿತ್ತು.

ಬಿಜಿಎಂಐ ಆಟದ ಕ್ರಮ ಹೀಗಿದೆ: ನೂರು ಜನರವರೆಗೆ ಒಂದು ದ್ವೀಪದ ಮೇಲೆ ಇಳಿದು, ಬಿದ್ದಿರುವ ಆಯುಧಗಳನ್ನು ಆಯ್ದುಕೊಂಡು, ಕೊನೆಗೆ ಉಳಿದವರು ಗೆದ್ದಂತೆ. ಒಬ್ಬನೇ ಆಡಬಹುದಾದರೂ ಹೆಚ್ಚಿನವರು ಆಡುವುದು ನಾಲ್ವರ ತಂಡದಲ್ಲಿ. ಅದಕ್ಕೆ ಸ್ಕ್ವಾಡ್ ಎಂದು ಹೆಸರು. ಊರಿನ ಗೆಳೆಯರು ಮೂವರೇ ಸಿಕ್ಕಿದ ದಿನ ನಾಲ್ಕನೆಯ ಜಾಗಕ್ಕೆ ಯಂತ್ರವೇ ಯಾರನ್ನಾದರೂ ತಂದು ಕೂರಿಸುತ್ತದೆ, ಅಂಥವನನ್ನು ಹುಡುಗರು ‘ರ‍್ಯಾಂಡಮ್’ ಎನ್ನುತ್ತಾರೆ. ರ‍್ಯಾಂಡಮ್ ಬೇಡವೆಂದರೆ ಕೋರಿಕೆಗಳನ್ನು ಜಾಲಾಡಿ, ಪ್ರೊಫೈಲ್ ನೋಡಿ, ತಾವೇ ಆರಿಸಿಕೊಳ್ಳಬೇಕು.

ಆರಿಸುವ ಆ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಆಗಸ್ಟ್ ತಿಂಗಳ ರಾತ್ರಿ ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಊರುಗಳಲ್ಲಿ ಬ್ಯಾರನ್ ಉರಿಯುತ್ತಿರುತ್ತದೆ. ಕಡ್ಡಿಗೆ ಕಟ್ಟಿ ಇಳಿಬಿಟ್ಟ ಹಸಿ ಎಲೆಯನ್ನು ಬಿಸಿಗಾಳಿಯಲ್ಲಿ ದಿನಗಟ್ಟಲೆ ಹದಮಾಡುವ ಆ ಎತ್ತರದ ಕಟ್ಟಡಕ್ಕೆ ಸೌದೆ ಕೊಡುತ್ತ, ಕಾವು ಏರುಪೇರಾಗದಂತೆ ಕಾಯುತ್ತ, ಮನೆಯ ಯಾರಾದರೊಬ್ಬರು ರಾತ್ರಿಯೆಲ್ಲ ಎಚ್ಚರವಿರಬೇಕು. ಅಂಥ ಕಾವಲಿನಲ್ಲಿ ಕೈಯಲ್ಲಿ ಫೋನು ಹಿಡಿದು ಕುಳಿತ ಹುಡುಗನೊಬ್ಬನಿಗೆ ಅಪರಿಚಿತನ ಕೋರಿಕೆ ಬಂದಿತೆಂದು ಇಟ್ಟುಕೊಂಡರೆ, ಅವನ ಬೆರಳು ಮೊದಲು ಆ ಹೆಸರಿನ ಮೇಲೆ ಬೀಳುತ್ತದೆ, ಪುಟ ತೆರೆಯುತ್ತದೆ. ಕಂಚು, ಬೆಳ್ಳಿ, ಚಿನ್ನದಿಂದ ಆರಂಭವಾಗಿ ಕ್ರೌನ್, ಏಸ್‌ ದಾಟಿ ಕಾಂಕರರ್‌ವರೆಗೆ ಏರುವ ದರ್ಜೆಗಳಲ್ಲಿ ಬಂದವನು ಎಲ್ಲಿದ್ದಾನೆ ಎಂಬುದನ್ನು ಮೊದಲು, ಎದುರಾಳಿಗಳನ್ನು ಉರುಳಿಸಿದ ಲೆಕ್ಕವನ್ನು ಆಮೇಲೆ, ಒಟ್ಟು ಆಡಿದ ಪಂದ್ಯಗಳನ್ನು ಕೊನೆಗೆ ನೋಡಿ, ನಡುವೆ ಅವನ ಪಾತ್ರ ತೊಟ್ಟಿರುವ ಉಡುಪಿನ ಮೇಲೂ ಒಂದು ನೋಟ ಹರಿಸಿ, ಒಪ್ಪಿಗೆಯ ಗುಂಡಿ ಒತ್ತುತ್ತಾನೆ ಅಥವಾ ಬಿಡುತ್ತಾನೆ. ಬ್ಯಾರನ್ನಿಗೆ ಇನ್ನೊಂದು ಕೊರಡು ತಳ್ಳುವುದಕ್ಕೂ ಇದಕ್ಕಿಂತ ಹೆಚ್ಚು ಸಮಯ ಬೇಕು.

ಆ ಒಂದೇ ಪುಟದಲ್ಲಿ ಮೂರು ಬೇರೆ ಬೇರೆ ಮೂಲಗಳ ಮಾಹಿತಿ ಬೆರೆತಿರುತ್ತದೆ ಎಂಬುದು ನೋಡುವವನಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಹೆಸರು, ಚಿತ್ರ, ಒಂದು ಸಾಲಿನ ಪರಿಚಯ ಇವು ಆಟಗಾರ ತನ್ನ ಬಗ್ಗೆ ತಾನೇ ಬರೆದುಕೊಂಡದ್ದು. ಪಂದ್ಯ, ಗೆಲುವು, ದರ್ಜೆ ಇವು ಯಂತ್ರ ಬರೆದದ್ದು. ಹೊಳೆಯುವ ಉಡುಪು, ಬಂದೂಕಿನ ಬಣ್ಣದ ಹೊದಿಕೆ ಇವುಗಳಲ್ಲಿ ಬಹುಪಾಲು ಹಣ ಕೊಟ್ಟು ಕೊಂಡದ್ದು. ಮೊದಲನೆಯದನ್ನು ಯಾರೂ ನಂಬುವುದಿಲ್ಲ, ಎರಡನೆಯದನ್ನು ಎಲ್ಲರೂ ನಂಬುತ್ತಾರೆ, ಮೂರನೆಯದನ್ನು ನಂಬುವುದಿಲ್ಲವೆಂದು ಹೇಳಿಕೊಂಡೇ ಅದಕ್ಕೆ ಮಾರುಹೋಗುತ್ತಾರೆ. ಎರಡನೆಯದರ ಮೇಲಿನ ನಂಬಿಕೆ ಎಷ್ಟು ಸರಿ ಎಂಬುದನ್ನು ವಿವರವಾಗಿಯೇ ನೋಡಬೇಕು, ಏಕೆಂದರೆ ಆಯ್ಕೆಯ ಭಾರವೆಲ್ಲ ನಿಂತಿರುವುದು ಅದರ ಮೇಲೆ.

ಅಂಕಿ ಅತ್ಯಂತ ಪ್ರಾಮಾಣಿಕವಾಗಿ ಕೆಲಸ ಮಾಡುವ ಆಟವೆಂದರೆ ಚದುರಂಗ. ಹಂಗೇರಿ ಮೂಲದ ಅಮೆರಿಕದ ಭೌತವಿಜ್ಞಾನಿ ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಅಳವಡಿಸಿಕೊಂಡಿತು. ಅದರ ತಿರುಳು ಸರಳ: ತನಗಿಂತ ಬಲಿಷ್ಠನನ್ನು ಸೋಲಿಸಿದವನಿಗೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದವನಿಗೆ ಕಡಿಮೆ ಅಂಕ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು ಹಲವು ಆಟಗಳಲ್ಲಿ ಸರಾಸರಿ ನೂರಕ್ಕೆ 76 ಪಾಲು, 400ರ ಅಂತರವಿದ್ದರೆ ಸುಮಾರು 91 ಪಾಲು ಅಂಕ ಪಡೆಯುತ್ತಾನೆಂದು ಆ ಲೆಕ್ಕ ಹೇಳುತ್ತದೆ. 2010ರಲ್ಲಿ ಆರಂಭವಾದ ಲಿಚೆಸ್ ಎಂಬ ಉಚಿತ ಚೆಸ್ ತಾಣ ಇದೇ ವಿಚಾರವನ್ನು ಮುಂದುವರಿಸಿದ, ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಪದ್ಧತಿಯನ್ನು ಬಳಸುತ್ತದೆ. ಅದರಲ್ಲಿ ಅಂಕಿಯ ಜೊತೆಗೆ ಆ ಅಂಕಿ ಎಷ್ಟು ಭರವಸೆಯದು ಎಂಬ ಲೆಕ್ಕವೂ ಇರುವುದರಿಂದ, ಕೆಲವೇ ಆಟ ಆಡಿದವನ ರೇಟಿಂಗ್ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದು ನಿಂತಿರುತ್ತದೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಈ ಚಿಹ್ನೆಯನ್ನು ಉಳಿದ ಆಟಗಳ ಪ್ರೊಫೈಲುಗಳೂ ಕಲಿತಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು. ಬಿರುದಿನ ವಿಷಯದಲ್ಲೂ ಇಲ್ಲಿ ಬಿಗಿಯಿದೆ: ಗ್ರ್ಯಾಂಡ್‌ಮಾಸ್ಟರ್ ಎಂಬುದು ಫಿಡೆ ಕೊಡುವ ಬಿರುದು, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಅದನ್ನು ಪಡೆದು ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಚೆಸ್ ತಾಣಗಳಲ್ಲಿ ಹೆಸರಿನ ಹಿಂದೆ ಆ ಬಿರುದು ಕಾಣಿಸಬೇಕಾದರೆ ಆಟಗಾರ ತಾನು ಯಾರೆಂಬುದನ್ನು ದಾಖಲೆಸಹಿತ ತೋರಿಸಬೇಕು. ಹೀಗಾಗಿ ಕೆ.ಆರ್. ನಗರದಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿನಿ ತನ್ನ ರೇಟಿಂಗಿಗಿಂತ ನೂರು ಅಂಕ ಮೇಲೆ, ನೂರು ಅಂಕ ಕೆಳಗೆ ಎಂದು ಮಿತಿ ಹಾಕಿ ಎದುರಾಳಿಯನ್ನು ಕೇಳಿದರೆ ಸಿಗುವ ಜೋಡಿ ಹೆಚ್ಚುಕಡಿಮೆ ಸಮಬಲದ್ದೇ ಆಗಿರುತ್ತದೆ.

ಆದರೆ ಚದುರಂಗದ ಜೋಡಿ ಎದುರಾಳಿ. ಎದುರಾಳಿಯಿಂದ ಬೇಕಾದದ್ದು ಸಮಬಲವೊಂದೇ. ಸ್ಕ್ವಾಡಿನ ಜೋಡಿ ಜೊತೆಗಾರ, ಅವನಿಂದ ಬೇಕಾದದ್ದು ಬೇರೆ. ಈ ವ್ಯತ್ಯಾಸ ಮರೆತು ಎದುರಾಳಿಯನ್ನು ಅಳೆಯುವ ಕೋಲಿನಿಂದಲೇ ಜೊತೆಗಾರನನ್ನೂ ಅಳೆಯುವುದರಿಂದ ಪ್ರೊಫೈಲ್ ದಾರಿ ತಪ್ಪಿಸತೊಡಗುತ್ತದೆ.

ಬಿಜಿಎಂಐ ಪ್ರೊಫೈಲಿನಲ್ಲಿ ಹುಡುಗರ ಕಣ್ಣು ಮೊದಲು ಹೋಗುವ ಅಂಕಿಗಳಲ್ಲೊಂದು ಎಫ್‌ಡಿ. ಹಳೆಯ ಪಬ್‌ಜಿಯಲ್ಲಿ ಕೆಡಿ ಎಂದಿದ್ದುದು, ‘ಕೊಲ್ಲು’ ಎಂಬರ್ಥದ ಪದವನ್ನು ಭಾರತದ ಆವೃತ್ತಿಯಲ್ಲಿ ‘ಮುಗಿಸು’ ಎಂಬರ್ಥದ ಪದಕ್ಕೆ ಬದಲಿಸಿದ್ದರಿಂದ ಎಫ್‌ಡಿ ಆಯಿತು. ಬಾಯಿಮಾತಿನಲ್ಲಿ ಇಂದಿಗೂ ಕೆಡಿಯೇ. ಅದು ಆಟಗಾರ ಎಷ್ಟು ಎದುರಾಳಿಗಳನ್ನು ಮುಗಿಸಿದ ಎಂಬುದನ್ನು ಹೇಳುವ ಅನುಪಾತ. ಈ ಅನುಪಾತ ಏರಬೇಕಾದರೆ ಹೆಚ್ಚು ಜನರನ್ನು ಮುಗಿಸಬೇಕು, ಅದಕ್ಕೆ ತಾನು ಮುಗಿಯದೆ ಉಳಿಯಬೇಕು. ಸ್ಕ್ವಾಡಿನಲ್ಲಿ ಒಬ್ಬ ಗುಂಡೇಟು ತಿಂದು ಬಿದ್ದಾಗ ಇನ್ನೊಬ್ಬ ಮರೆಯಿಂದ ಹೊರಬಂದು, ಅವನ ಪಕ್ಕ ಕೂತು, ಕೆಲವು ಸೆಕೆಂಡು ಏನೂ ಮಾಡಲಾಗದ ಸ್ಥಿತಿಯಲ್ಲಿದ್ದು ಎಬ್ಬಿಸಬೇಕಾಗುತ್ತದೆ, ಅದೇ ‘ರಿವೈವ್’. ಅನುಪಾತದ ಚಿಂತೆ ಹತ್ತಿದವನು ಈ ಅಪಾಯಕ್ಕೆ ಕೈಹಾಕುವುದಿಲ್ಲ. ಮನೆಯೊಂದರ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತು, ಬಿದ್ದವನು ತೆವಳುತ್ತ ಕೂಗುವುದನ್ನು ಕೇಳುತ್ತ, ಪಂದ್ಯ ಮುಗಿದಾಗ ತನ್ನ ಅಂಕಿಯನ್ನು ಜೋಪಾನವಾಗಿ ಉಳಿಸಿಕೊಂಡಿರುತ್ತಾನೆ. ಮರುದಿನ ಆ ಅಂಕಿಯನ್ನು ನೋಡಿ ಇನ್ನೊಂದು ಸ್ಕ್ವಾಡ್ ಅವನನ್ನು ಕರೆಯುತ್ತದೆ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತೊಂದು ಮುಂದೆ ಅವರ ಹೆಸರಿನ ನಿಯಮವೆಂದೇ ಪ್ರಸಿದ್ಧವಾಯಿತು. ಯಾವುದನ್ನು ಅಳತೆಗೆಂದು ಇಟ್ಟುಕೊಂಡಿದ್ದೇವೆಯೋ ಅದನ್ನೇ ಗುರಿಯಾಗಿಸಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ನೋಡಿ ಶಾಲೆಯನ್ನು ಅಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಫ್‌ಡಿಯ ಬಗ್ಗೆ ಇನ್ನೊಂದು ಗುಟ್ಟೂ ಇದೆ: ಕೆಳದರ್ಜೆಯ ಪಂದ್ಯಗಳಲ್ಲಿ ಮನುಷ್ಯರ ಜೊತೆಗೆ ಯಂತ್ರವೇ ಆಡಿಸುವ ‘ಬಾಟ್’ಗಳು ತುಂಬಿರುತ್ತವೆ, ಅವು ನಿಂತಲ್ಲೇ ನಿಂತು ಗುಂಡು ತಿನ್ನುತ್ತವೆ, ಆದ್ದರಿಂದ ಹೊಸ ಖಾತೆಯ ಎಫ್‌ಡಿ ಏಳೆಂಟು ಇದ್ದರೆ ಬೆರಗಾಗುವುದಕ್ಕಿಂತ ಒಟ್ಟು ಪಂದ್ಯಗಳೆಷ್ಟು ಎಂದು ನೋಡುವುದು ಜಾಣತನ.

ಹೊರಗಿನ ನೋಟಕ್ಕೂ ಒಳಗಿನ ಸರಕಿಗೂ ಇರುವ ಅಂತರ ಈ ತಾಲ್ಲೂಕುಗಳಿಗೆ ಹೊಸ ಪಾಠವಲ್ಲ. ಕಟ್ಟೆಮಳಲವಾಡಿ, ಕಂಪಲಾಪುರಗಳ ತಂಬಾಕು ಹರಾಜು ಕಟ್ಟೆಗಳಲ್ಲಿ ಸಾಲಾಗಿ ಇಟ್ಟ ಬೇಲುಗಳ ಮೇಲ್ಪದರವನ್ನಷ್ಟೇ ನೋಡಿ ಬೆಲೆ ಕೂಗುವವನು ದಡ್ಡ. ಒಳ್ಳೆಯ ಎಲೆ ಹೊರಗಿಟ್ಟು ಕಳಪೆಯನ್ನು ಒಳಗೆ ತುರುಕುವ ಚಾಳಿ ಎಲ್ಲ ಸೀಮೆಗಳಲ್ಲೂ ಇರುವುದರಿಂದ ಪಳಗಿದವನು ಕೈಯನ್ನು ಒಳಕ್ಕೆ ಹಾಕಿ ಎಲೆಯನ್ನು ಎಳೆದು ಹದ ನೋಡುತ್ತಾನೆ. ಅರ್ಥಶಾಸ್ತ್ರದಲ್ಲಿ ಇದನ್ನು ಸಂಕೇತ ಸಿದ್ಧಾಂತ ಎನ್ನುವ ಹೆಸರಿನಲ್ಲಿ ಬೆಳೆಸಿದವರು ಮೈಕೆಲ್ ಸ್ಪೆನ್ಸ್. ಕೆಲಸಕ್ಕೆ ಬಂದವನ ನಿಜವಾದ ಸಾಮರ್ಥ್ಯ ಕಾಣದಿದ್ದಾಗ ಮಾಲೀಕ ಅವನ ಪದವಿಯನ್ನು ನೋಡುವುದೇಕೆ ಎಂದು 1973ರಲ್ಲಿ ವಿವರಿಸಿದ ಅವರು, ಯೋಗ್ಯನಿಗೆ ಸುಲಭವಾಗಿಯೂ ಅಯೋಗ್ಯನಿಗೆ ದುಬಾರಿಯಾಗಿಯೂ ಇರುವ ಗುರುತು ಮಾತ್ರ ನಂಬಲರ್ಹ ಎಂದು ತೋರಿಸಿದರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಈ ಒರೆಗಲ್ಲಿಗೆ ಉಜ್ಜಿದರೆ ಬಿಜಿಎಂಐಯ ಯುಸಿ ಎಂಬ ನಾಣ್ಯದಿಂದ ಕೊಂಡ ಉಡುಪು ಕೊಂಡವನ ಜೇಬನ್ನು ತೋರಿಸುತ್ತದೆಯೇ ಹೊರತು ಕೈಚಳಕವನ್ನಲ್ಲ. ವಿಚಿತ್ರವೆಂದರೆ ಹಲವು ವರ್ಷ ಹಿಂದಿನ ಸೀಸನ್ನಿನ, ಈಗ ಅಂಗಡಿಯಲ್ಲಿ ಸಿಗದ ಹಳೆಯ ಉಡುಪೊಂದಕ್ಕೆ ಹುಡುಗರ ನಡುವೆ ಹೊಸ ಮಿನುಗಿನ ಉಡುಪಿಗಿಂತ ಹೆಚ್ಚು ಮರ್ಯಾದೆ. ಅದರಲ್ಲಿ ತರ್ಕವಿದೆ, ಏಕೆಂದರೆ ಕಳೆದ ಕಾಲವನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ. ಆದರೆ ಇಡೀ ಖಾತೆಯನ್ನೇ ಕೊಂಡವನಿಗೆ ಆ ಕಾಲವೂ ಸಿಕ್ಕಿಬಿಡುತ್ತದೆ. ಕಂಪನಿಗಳ ನಿಯಮ ಒಪ್ಪದಿದ್ದರೂ ‘ಐಡಿ ಸೇಲ್’ ಎಂಬ ವ್ಯಾಪಾರ ನಡೆದೇ ಇದೆ. ಅದರಲ್ಲಿ ಹಣ ಕೊಟ್ಟು ಖಾತೆ ಸಿಗದೆ ಮೋಸಹೋಗುವವರೂ ಇದ್ದಾರೆ, ಸಿಕ್ಕಿ ಮೊದಲ ಪಂದ್ಯದಲ್ಲೇ ಬಣ್ಣ ಬಯಲಾಗುವವರೂ ಇದ್ದಾರೆ.

ಬಿರುದೊಂದು ಕಂಡ ಕೂಡಲೇ ಉಳಿದ ಗುಣಗಳೂ ಇವೆಯೆಂದು ಮನಸ್ಸು ಊಹಿಸಿಕೊಳ್ಳುವುದೂ ಆಯ್ಕೆಯನ್ನು ಎಡವಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದಾಗ, ಮೈಕಟ್ಟು ಚೆನ್ನಾಗಿದೆಯೆಂದು ಗುರುತಿಸಿದವರಿಗೇ ಬುದ್ಧಿಗೂ ನಾಯಕತ್ವಕ್ಕೂ ನಡತೆಗೂ ಹೆಚ್ಚು ಅಂಕ ಬಿದ್ದಿರುವುದನ್ನು ಕಂಡರು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಮೂರ್ತಿಯ ಭಾಗವಾಗಿಯೇ ಕಾಣುವಂತೆ, ಒಂದು ಗುಣದ ಹೊಳಪು ಎಲ್ಲ ಗುಣಗಳ ಮೇಲೂ ಹರಡುವ ಈ ಭ್ರಮೆಯನ್ನು ಕನ್ನಡದಲ್ಲಿ ಪ್ರಭಾವಳಿ ಪರಿಣಾಮ ಎನ್ನಬಹುದು. ಒಂದು ಸೀಸನ್ನಿನಲ್ಲಿ ತನ್ನ ವಿಭಾಗದ ಮೊದಲ ಐನೂರರಲ್ಲಿದ್ದವನಿಗೆ ಸಿಗುವ ಕಾಂಕರರ್ ಪಟ್ಟ ಅವನ ಗುರಿ ಚೆನ್ನಾಗಿದೆಯೆಂದಷ್ಟೇ ಹೇಳುತ್ತದೆ, ಸೋಲುವಾಗ ಅವನ ಬಾಯಿ ಹೇಗಿರುತ್ತದೆ ಎಂಬುದನ್ನು ಹೇಳುವುದಿಲ್ಲ.

ನಡತೆಗೆಂದೇ ಒಂದು ಅಂಕಿ ಬಿಜಿಎಂಐಯಲ್ಲಿ ಇಲ್ಲವೆಂದಲ್ಲ. ‘ಮೆರಿಟ್’ ಎಂಬ ಅಂಕ ನೂರರಿಂದ ಆರಂಭವಾಗಿ, ತನ್ನ ತಂಡದವನ ಮೇಲೆಯೇ ಗುಂಡು ಹಾರಿಸಿದರೆ, ಪಂದ್ಯದ ನಡುವೆ ಬಿಟ್ಟುಹೋದರೆ ಇಳಿಯುತ್ತದೆ. ಉದ್ದೇಶ ಒಳ್ಳೆಯದು, ಆದರೆ ಈ ಅಂಕ ಎಲ್ಲ ಊರುಗಳಿಗೂ ಒಂದೇ ನ್ಯಾಯ ಕೊಡುವುದಿಲ್ಲ. ಎಚ್.ಡಿ. ಕೋಟೆಯಲ್ಲಿ ನಾಗರಹೊಳೆ ಕಾಡಿನಂಚಿನ ಊರುಗಳಲ್ಲೂ ಕಬಿನಿ ಹಿನ್ನೀರಿನ ಆಸುಪಾಸಿನ ಹಾಡಿಗಳಲ್ಲೂ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಫೋನಿನಿಂದ ಹೊರಟ ಆಜ್ಞೆ ಕಂಪನಿಯ ಕಂಪ್ಯೂಟರ್ ಮುಟ್ಟಿ ಮರಳಲು ತಗಲುವ ಕಾಲವನ್ನು ‘ಪಿಂಗ್’ ಎಂದು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಐವತ್ತರ ಆಸುಪಾಸಿನಲ್ಲಿದ್ದರೆ ಆಟ ಸರಾಗ, ಮುನ್ನೂರು ದಾಟಿದರೆ ಎದುರಾಳಿ ಕಣ್ಣಿಗೆ ಬೀಳುವ ಹೊತ್ತಿಗೆ ಗುಂಡು ಬಿದ್ದಾಗಿರುತ್ತದೆ. ನೆಟ್ ಕಡಿದು ಹೊರಬಿದ್ದವನಿಗೂ ಸಿಟ್ಟಿನಿಂದ ಎದ್ದುಹೋದವನಿಗೂ ಯಂತ್ರ ಭೇದವೆಣಿಸುವುದಿಲ್ಲ, ಇಬ್ಬರೂ ಬಿಟ್ಟುಹೋದವರೇ. ಚೆಸ್ ತಾಣಗಳಲ್ಲಿಯೂ ಮತ್ತೆ ಮತ್ತೆ ಸಂಪರ್ಕ ಕಡಿದುಕೊಂಡವನನ್ನು ಸ್ವಲ್ಪ ಹೊತ್ತು ಆಟದಿಂದ ದೂರವಿಡುತ್ತಾರೆ. ಟವರ್ ಇಲ್ಲದಿರುವುದು ಊರಿನ ಕೊರತೆ, ಪ್ರೊಫೈಲಿನಲ್ಲಿ ಅದು ಆಟಗಾರನ ಗುಣವಾಗಿ ದಾಖಲಾಗುತ್ತದೆ. ಅದನ್ನು ಓದುವ ಬೆಂಗಳೂರಿನ ಅಪರಿಚಿತನಿಗೆ ಕಾರಣ ತಿಳಿಯುವ ದಾರಿಯಿಲ್ಲ. ಪ್ರೊಫೈಲ್ ಪದ್ಧತಿಯಲ್ಲಿರುವ ಅನ್ಯಾಯಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದೆಂದೇ ಹೇಳಬೇಕು.

ಅದೇ ಪದ್ಧತಿಯ ಒಂದು ಉಪಕಾರವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಳ್ಳಿಯ ಅಂಗಳದಲ್ಲಿ ಚೌಕಾಬಾರ ಹಾಸಿದಾಗಲೂ ಕ್ರಿಕೆಟ್ ತಂಡ ಕಟ್ಟಿದಾಗಲೂ ಯಾರ ಮನೆಯವನು, ಯಾವ ಬೀದಿಯವನು ಎಂಬ ಪ್ರಶ್ನೆ ಕೇಳದೆಯೇ ಉತ್ತರ ಗೊತ್ತಿರುತ್ತದೆ, ಆ ಉತ್ತರದೊಳಗೆ ಜಾತಿಯೂ ಅಡಗಿರುತ್ತದೆ. ಆಟದ ಪ್ರೊಫೈಲ್ ಬೀದಿಯನ್ನು ಹೇಳುವುದಿಲ್ಲ. 1961ರಲ್ಲಿ ಬೈಲಕುಪ್ಪೆಯಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದ ಯುವಕನೊಬ್ಬನೂ ಪಕ್ಕದ ಹಳ್ಳಿಯ ಜೋಳದ ಹೊಲದಲ್ಲಿ ಕಾವಲು ಕುಳಿತವನೂ ಒಂದೇ ಸ್ಕ್ವಾಡಿಗೆ ಬಂದು ಬಿದ್ದರೆ, ಇಬ್ಬರ ನಡುವೆ ನಾಲ್ಕೇ ಮೈಲಿ ಅಂತರವಿದೆಯೆಂಬುದು ಅವರಿಗೆ ತಿಳಿಯದೆಯೇ ಪಂದ್ಯ ಮುಗಿದುಹೋಗಬಹುದು. ಆದರೂ ಮನುಷ್ಯ ಗುರುತು ಹುಡುಕುವುದನ್ನು ಬಿಡುವುದಿಲ್ಲ. ಸಿನಿಮಾ ನಾಯಕನ ಬಿರುದನ್ನು ಹೆಸರಾಗಿ ಇಟ್ಟುಕೊಂಡವನು ತಾನು ಕನ್ನಡಿಗನೆಂದೂ ಯಾರ ಅಭಿಮಾನಿಯೆಂದೂ ಒಟ್ಟಿಗೆ ಸಾರುತ್ತಾನೆ. ಹೆಸರಿನ ಕೊನೆಗೆ 45 ಎಂಬ ಅಂಕಿ ಕಂಡರೆ, ಹುಣಸೂರು ಸಾರಿಗೆ ಕಚೇರಿಯ ವಾಹನ ಸಂಖ್ಯೆ ಕೆಎ 45 ಎಂದು ಬಲ್ಲವನಿಗೆ ಅದು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಮೈಕ್ ಆನ್ ಆಗಿ ಮೊದಲ ಮಾತು ಕೇಳಿದಾಗಲಂತೂ ‘ನಮ್ ಕಡೆಯವ್ನೆ’ ಎಂಬ ತೀರ್ಪು ಎಲ್ಲ ಅಂಕಿಗಳನ್ನೂ ಹಿಂದಕ್ಕೆ ತಳ್ಳುತ್ತದೆ.

ಇದೇ ಮೈಕ್ ಹುಡುಗಿಯರಿಗೆ ಬೇರೆಯೇ ಕಥೆ. ಅಮೆರಿಕದ ಜೆಫ್ರಿ ಕುಜ್ನೆಕಾಫ್ ಮತ್ತು ಲಿಂಡ್ಸೆ ರೋಸ್ ಎಂಬ ಸಂಶೋಧಕರು ಹೇಲೊ 3 ಎಂಬ ಆಟದಲ್ಲಿ ಮೊದಲೇ ಧ್ವನಿಮುದ್ರಿಸಿದ ಒಂದೇ ಬಗೆಯ ಮಾತುಗಳನ್ನು ಒಮ್ಮೆ ಗಂಡಿನ, ಒಮ್ಮೆ ಹೆಣ್ಣಿನ ದನಿಯಲ್ಲಿ ಕೇಳಿಸಿ, ಇನ್ನು ಕೆಲವು ಸಲ ಏನೂ ಮಾತಾಡದೆ ಆಡಿ ಹೋಲಿಸಿದಾಗ, ಹೆಣ್ಣಿನ ದನಿಗೆ ಸುಮಾರು ಮೂರು ಪಟ್ಟು ಹೆಚ್ಚು ಕೆಟ್ಟ ಮಾತುಗಳು ಬಂದದ್ದು ಕಂಡುಬಂತು. ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರ ಮುಂದುವರಿಕೆಯಾಗಿ 2015ರಲ್ಲಿ ಬಂದ ಇನ್ನೊಂದು ಲೇಖನ, ಹೀಗೆ ಬಾಯಿ ಹರಿಯಬಿಡುವವರಲ್ಲಿ ಮುಂದಿರುವವರು ಆಟದಲ್ಲಿ ಹಿಂದುಳಿದ ಗಂಡಸರೇ ಎಂದು ತೋರಿಸಿತು. ಆದ್ದರಿಂದಲೇ ಅನೇಕ ಹುಡುಗಿಯರು ಹೆಣ್ಣೆಂದು ತಿಳಿಯದ ಹೆಸರಿಟ್ಟು, ಗಂಡು ಪಾತ್ರದ ಉಡುಪು ತೊಟ್ಟು, ಮೈಕ್ ಮುಚ್ಚಿ ಆಡುತ್ತಾರೆ. ಮೈಕ್ ಇಲ್ಲದವರನ್ನು ಸ್ಕ್ವಾಡಿಗೆ ಸೇರಿಸಿಕೊಳ್ಳಲು ಹಿಂಜರಿಯುವುದು ಸಾಮಾನ್ಯವಾದ್ದರಿಂದ, ಮಾತಾಡಿದರೆ ಕಾಟ, ಸುಮ್ಮನಿದ್ದರೆ ಜಾಗವಿಲ್ಲ ಎಂಬ ಇಕ್ಕಟ್ಟಿನಲ್ಲಿ ಅವರು ಸಿಲುಕುತ್ತಾರೆ. ಪರಿಚಯದವರ ಸ್ಕ್ವಾಡ್ ಸಿಕ್ಕ ಮೇಲೆ ಅದನ್ನು ಬಿಟ್ಟು ಹೊರಬರದಿರುವುದು ಅವರ ಮಟ್ಟಿಗೆ ವಿವೇಕದ ಆಯ್ಕೆ.

ಪರದೆಯ ಪ್ರೊಫೈಲ್ ಈಗ ಬಯಲಿನ ಆಟಕ್ಕೂ ಕಾಲಿಟ್ಟಿದೆ. 2016ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಕ್ರಿಕ್‌ಹೀರೋಸ್ ಎಂಬ ಆ್ಯಪ್‌ನಲ್ಲಿ ಊರಿನ ಟೆನಿಸ್ ಬಾಲ್ ಪಂದ್ಯಾವಳಿಯ ಸ್ಕೋರನ್ನೂ ಎಸೆತ ಎಸೆತವಾಗಿ ಬರೆದಿಡಬಹುದಾದ್ದರಿಂದ, ಹಿಂದೆ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಮೂಡಿ ಮಾಯವಾಗುತ್ತಿದ್ದ ರನ್ನುಗಳು ಈಗ ಆಟಗಾರನ ಹೆಸರಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತವೆ. ಹರಾಜಿನ ಮೂಲಕ ಆಟಗಾರರನ್ನು ಹಂಚಿಕೊಳ್ಳುವ ಪಂದ್ಯಾವಳಿಗಳಲ್ಲಿ ಇಂಥ ಪುಟ ತಂಡದ ಮಾಲೀಕನಿಗೆ ಕೈದೀಪವಿದ್ದಂತೆ. ಆದರೆ ಪುಟ ನೋಡಿದ ಮೇಲೂ ನಾಯಕ ಸುಮ್ಮನಿರುವುದಿಲ್ಲ, ಆ ಊರಿನ ಪರಿಚಯದವರಿಗೊಂದು ಫೋನು ಹಾಕುತ್ತಾನೆ.

‘ಅಣ್ಣ, ನಿಮ್ಮೂರ್ ಹುಡುಗ ಹೆಂಗಾಡ್ತಾನೆ?’

‘ಆಡೋದೇನೋ ಚೆನ್ನಾಗಾಡ್ತಾನೆ ಕಣಪ್ಪ, ಔಟ್ ಕೊಟ್ರೆ ಮಾತ್ರ ಅಂಪೈರ್ ಮೇಲೆ ಜಗಳಕ್ ಬತ್ತಾನೆ.’

ಈ ಎರಡನೆಯ ಮಾತಿಗೆ ಯಾವ ಪ್ರೊಫೈಲಿನಲ್ಲೂ ಅಂಕಣವಿಲ್ಲ. ಆಯ್ಕೆ ನಿಲ್ಲುವುದೋ ಮುರಿಯುವುದೋ ಮಾತ್ರ ಅದರ ಮೇಲೆಯೇ. ಕುಸ್ತಿಯಲ್ಲಿ ಉಸ್ತಾದರ ಹೆಸರು ಮಾಡುತ್ತಿದ್ದ ಕೆಲಸವೂ ಇದೇ: ಪೈಲ್ವಾನ ತಪ್ಪಿ ನಡೆದರೆ ತಲೆ ತಗ್ಗಿಸಬೇಕಾದವರೊಬ್ಬರು ಅವನ ಹಿಂದೆ ನಿಂತಿರುತ್ತಿದ್ದರು. ಆನ್‌ಲೈನಿನಲ್ಲಿ ಅದಕ್ಕೆ ತುಸು ಹತ್ತಿರ ಬರುವುದು ಕ್ಲ್ಯಾನ್ ಅಥವಾ ಗಿಲ್ಡ್ ಎಂದು ಕರೆಯುವ ಆಟಗಾರರ ಬಳಗ. ಬಳಗದ ಗುರುತು ಹೆಸರಿನ ಜೊತೆಗೇ ಇರುವುದರಿಂದ ಒಬ್ಬ ಕೆಟ್ಟದಾಗಿ ನಡೆದುಕೊಂಡರೆ ಉಳಿದವರಿಗೆ ದೂರು ಮುಟ್ಟಿಸಬಹುದು. ಆ ಬಳಗವೂ ಒಂದು ಗುಂಡಿ ಒತ್ತಿದರೆ ಬಿಟ್ಟುಹೋಗಬಹುದಾದದ್ದು, ಗರಡಿಯನ್ನು ಹಾಗೆ ಬಿಡಲಾಗುತ್ತಿರಲಿಲ್ಲ.

ಮನೆಯಲ್ಲಿ ಆಡುವ ಮಕ್ಕಳಿರುವವರು ಈ ಪುಟವನ್ನು ಒಮ್ಮೆಯಾದರೂ ತೆರೆದು ನೋಡುವುದು ಒಳ್ಳೆಯದು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಬಿಜಿಎಂಐ ತಾನಾಗಿ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದೆ. ಇವು ಯಾವುವೂ ಹುಡುಗನೊಬ್ಬ ತನ್ನ ಪುಟದಲ್ಲಿ ನಿಜವಾದ ಹೆಸರು, ಶಾಲೆ, ಊರು, ಮುಖದ ಚಿತ್ರ ಹಾಕಿಕೊಳ್ಳುವುದನ್ನು ತಡೆಯುವುದಿಲ್ಲ. ಜೊತೆಗಾರನನ್ನು ಆರಿಸಲು ಅವನು ಇತರರ ಪುಟ ನೋಡುವಷ್ಟೇ ಸುಲಭವಾಗಿ ಇತರರೂ ಅವನ ಪುಟ ನೋಡುತ್ತಿರುತ್ತಾರೆ, ಅವರೆಲ್ಲರಿಗೂ ಬೇಕಾದದ್ದು ಆಟವೇ ಎಂದು ಹೇಳಲಾಗುವುದಿಲ್ಲ.

ಬಿಜಿಎಂಐಯಲ್ಲಿ ಇಬ್ಬರು ಗೆಳೆಯರ ನಡುವಿನ ಒಡನಾಟಕ್ಕೂ ಒಂದು ಅಂಕಿಯಿದ್ದು, ‘ಸಿನರ್ಜಿ’ ಎಂಬ ಹೆಸರಿನ ಅದು ಇಬ್ಬರೂ ಒಟ್ಟಿಗೆ ಆಡಿದಷ್ಟೂ ಏರುತ್ತ ಹೋಗುತ್ತದೆ. ಪ್ರೊಫೈಲಿನ ಎಲ್ಲ ಲೆಕ್ಕಗಳಲ್ಲಿ ಜೋಡಿಯ ಬಗ್ಗೆ ನಿಜ ಹೇಳಬಲ್ಲದ್ದು ಇದೊಂದೇ ಇರಬೇಕಿತ್ತು, ಆದರೆ ಅಂಗಡಿಯಲ್ಲಿ ಕೊಂಡ ಉಡುಗೊರೆ ಕಳಿಸಿದರೂ ಅದು ಏರುತ್ತದೆ.